ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ

ಜಾಲ್ಸೂರಿನಿಂದ ಸುಳ್ಯ, ಸಂಪಾಜೆ ಮಾರ್ಗವಾಗಿ ಹೆದ್ದಾರಿಯು ತಲುಪುವ ಮಡಿಕೇರಿಯು ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ನಿವೃತ್ತಿಯ ನಂತರ ನೆಲೆಸಿದ್ದ ಪಟ್ಟಣವಾಗಿರುತ್ತದೆ. 1899ರ ಜನವರಿ 28ರಂದು ಕೊಡಗಿನಲ್ಲಿ ಜನಿಸಿದ ಇವರು 1949ರ ಜನವರಿ 15ರಂದು ಭೂಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನು ಪ್ರತಿವರ್ಷ ಸೇನಾ ದಿನವನ್ನಾಗಿ ಆಚರಿಸಲಾಗುತ್ತಿದೆ.

1953ರಲ್ಲಿ ನಿವೃತ್ತರಾಗಿ, 1956ರವರೆಗೆ ಆಸ್ಟ್ರೇಲಿಯಾ ಹಾಗೂ ನ್ಯೂಜಿಲೆಂಡ್ ದೇಶಗಳಲ್ಲಿ ಭಾರತದ ಹೈಕಮಿಷನರ್ ಆಗಿ ಸೇವೆ ಸಲ್ಲಿಸಿದರು.

1965ರ ಯುದ್ಧದಲ್ಲಿ ವಾಯುಪಡೆಯ ಅಧಿಕಾರಿಯಾಗಿದ್ದ ಇವರ ಪುತ್ರ ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುನ್ನ ಕಾರ್ಯಪ್ಪನವರ ಅಧೀನದಲ್ಲಿ ಸೇವೆ ಸಲ್ಲಿಸಿದ್ದವರು. ಆದರೂ ಪುತ್ರನಿಗೆ ವಿಶೇಷ ರಿಯಾಯಿತಿಯನ್ನು ಒಪ್ಪದೆ, ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರನ್ನೂ ಸಮಾನವಾಗಿ ಕಾಣಬೇಕೆಂದು ಅವರು ತಿಳಿಸಿದರು. ಪುತ್ರನು 1966ರಲ್ಲಿ ಬಿಡುಗಡೆ ಹೊಂದಿದರು.

1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿಗೆ ಪಾತ್ರರಾದ ಕಾರ್ಯಪ್ಪನವರು 1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು.