ಬೆಂಗಳೂರಿನಲ್ಲಿ ಕಣ ಎಣಿಸಿದ ಭಾಭಾ

ಹೋಮಿ ಜಹಾಂಗೀರ್ ಭಾಭಾ ಅಂದ ಕೂಡಲೇ ನಮಗೆ ನೆನಪಾಗುವುದು ಅಣುಶಕ್ತಿ, ಟ್ರಾಂಬೆ, ಮತ್ತೆ ಅವರ ಸಾವಿನ ಬಗ್ಗೆ ಮೊಬೈಲಿನಲ್ಲಿ ಹರಿದಾಡುವ ಕತೆಗಳು. ಆ ಕತೆಗಳನ್ನು ಪಕ್ಕಕ್ಕಿಡೋಣ. ನಮಗೆ ಕುತೂಹಲ ಇರುವುದು ಅವರು ಬೆಂಗಳೂರಿನಲ್ಲಿ ಕಳೆದ ಐದಾರು ವರ್ಷಗಳ ಬಗ್ಗೆ.

ಹುಟ್ಟಿದ್ದು ಮುಂಬಯಿಯಲ್ಲಿ, 1909ರ ಅಕ್ಟೋಬರ್ 30ರಂದು. ಆದರೆ ಮನೆತನಕ್ಕೆ ಕನ್ನಡನಾಡಿನ ನಂಟು ಹಳೆಯದು. ಅಜ್ಜ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು, ತಂದೆ ಬೆಳೆದದ್ದು ಬೆಂಗಳೂರಿನಲ್ಲೇ. ಸೋದರತ್ತೆ ಮೆಹರ್‌ಬಾಯಿ ಅವರನ್ನು ದೊರಾಬ್‌ಜಿ ಟಾಟಾ ಅವರಿಗೆ ಕೊಟ್ಟಿತ್ತು. ಈ ಅತ್ತೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತಾರೆ.

ಮನೆಯವರ ಲೆಕ್ಕಾಚಾರ ಸರಳವಾಗಿತ್ತು: ಹುಡುಗ ಕೇಂಬ್ರಿಜ್‌ನಲ್ಲಿ ಮೆಕ್ಯಾನಿಕಲ್ ಓದಬೇಕು, ವಾಪಸ್ ಬಂದು ಜಮ್ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಬೇಕು. ತೋರಣಗಲ್ಲಿನಲ್ಲಿ ಕೆಲಸ ಸಿಕ್ಕರೆ ಸಾಕಪ್ಪ ಅನ್ನುವ ಮನೆಗಳಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಡುಗನಿಗೆ ಮಾತ್ರ ಭೌತವಿಜ್ಞಾನ ಬಿಟ್ಟರೆ ಬೇರೇನೂ ಬೇಡವಾಗಿತ್ತು. ತಂದೆ ಒಂದು ಷರತ್ತು ಹಾಕಿದರು: ಮೊದಲು ಮೆಕ್ಯಾನಿಕಲ್‌ನಲ್ಲಿ ಫಸ್ಟ್ ಕ್ಲಾಸ್, ಆಮೇಲೆ ನಿನ್ನ ಇಷ್ಟ. ಭಾಭಾ 1930ರಲ್ಲಿ ಫಸ್ಟ್ ಕ್ಲಾಸ್ ತಂದರು, ಎರಡು ವರ್ಷಕ್ಕೆ ಗಣಿತದಲ್ಲೂ ಅದನ್ನೇ ತಂದರು. ಜಗಳ ಆಡದೆ ಗೆದ್ದ ಈ ರೀತಿ ನಮಗೆ ಬಹಳ ಹಿಡಿಸಿತು.

ಮುಂದಿನ ವರ್ಷಗಳಲ್ಲಿ ಅವರದು ಪೂರ್ತಿ ಪೆನ್ನು-ಕಾಗದದ ಕೆಲಸ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿ ಹೊಡೆದರೆ ಯಾವ ಕೋನಕ್ಕೆ ಎಷ್ಟು ಚದುರುತ್ತವೆ ಅಂತ ಲೆಕ್ಕ ಹಾಕಿದರು. ಅದೇ ಈಗಿನ ಭಾಭಾ ಸ್ಕ್ಯಾಟರಿಂಗ್. ಜಿನೀವಾದ ಲೆಪ್ ಯಂತ್ರದಲ್ಲಿ ಡಿಕ್ಕಿಗಳ ಪ್ರಮಾಣ ಅಳೆಯಲು ಈ ಲೆಕ್ಕವನ್ನೇ ಅಳತೆಗೋಲು ಮಾಡಿಕೊಂಡರು, ಸಾವಿರಕ್ಕೆ ಒಂದು ಪಾಲಿಗಿಂತ ಕಡಿಮೆ ತಪ್ಪಿನಲ್ಲಿ. 1937ರಲ್ಲಿ ಹೈಟ್ಲರ್ ಜೊತೆ ಸೇರಿ, ವಿಶ್ವಕಿರಣದ ಒಂದೇ ಒಂದು ಎಲೆಕ್ಟ್ರಾನ್ ವಾತಾವರಣಕ್ಕೆ ನುಗ್ಗಿ ಹೇಗೆ ಕಣಗಳ ಸುರಿಮಳೆ ಆಗುತ್ತದೆ ಅನ್ನುವುದನ್ನು ವಿವರಿಸಿದರು.

1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದರು. ಅಷ್ಟರಲ್ಲಿ ಯುದ್ಧ ಶುರುವಾಯಿತು, ಕೇಂಬ್ರಿಜ್ ದಾರಿ ಮುಚ್ಚಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಈಗಿನ ಐಐಎಸ್‌ಸಿ, ಅವರನ್ನು ರೀಡರ್ ಮಾಡಿಕೊಂಡಿತು. ಭೌತವಿಜ್ಞಾನ ವಿಭಾಗದಲ್ಲಿ ಸಿ. ವಿ. ರಾಮನ್ ಇದ್ದರು. ದೊರಾಬ್‌ಜಿ ಟಾಟಾ ಟ್ರಸ್ಟಿನ ಹಣದಲ್ಲಿ ವಿಶ್ವಕಿರಣ ಸಂಶೋಧನಾ ಘಟಕ ಎದ್ದಿತು. ಎಣ್ಣೆಹನಿ ಪ್ರಯೋಗದ ಮಿಲಿಕನ್ ಕೂಡ ಅದೇ ಚಳಿಗಾಲದಲ್ಲಿ ಬೆಂಗಳೂರಿಗೆ ಬಂದು ಬಲೂನು ಹಾರಿಸಿ ವಿಶ್ವಕಿರಣ ಅಳೆದು ಹೋದರು. ಯಾಕೆ ಇಲ್ಲಿಗೇ? ಬೆಂಗಳೂರು ಭೂಮಿಯ ಕಾಂತೀಯ ಸಮಭಾಜಕಕ್ಕೆ ತೀರ ಹತ್ತಿರ. ಭೂಮಿಯ ಕಾಂತಕ್ಷೇತ್ರ ಕಡಿಮೆ ಶಕ್ತಿಯ ಕಣಗಳನ್ನು ಇಲ್ಲಿ ಒಳಗೇ ಬಿಡುವುದಿಲ್ಲ. ಉತ್ತರದ ಅಳತೆಗಳ ಜೊತೆ ಹೋಲಿಸಲು ಇದಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ.

ಲೆಕ್ಕದ ಮನುಷ್ಯ ಇಲ್ಲಿ ಉಪಕರಣ ಕಟ್ಟಿಸಲು ನಿಂತರು. 12 ಇಂಚಿನ ಕ್ಲೌಡ್ ಚೇಂಬರ್ ಕಟ್ಟಿಸಿದರು. ಗೈಗರ್ ಕೌಂಟರುಗಳನ್ನು ಒಂದರ ಮೇಲೊಂದು ಜೋಡಿಸಿ ಟೆಲಿಸ್ಕೋಪ್ ಮಾಡಿಸಿದರು. ಎಲ್ಲ ಕೌಂಟರುಗಳೂ ಒಟ್ಟಿಗೇ ಮಿಡಿದರೆ ಮಾತ್ರ ಒಂದು ಎಣಿಕೆ. ನಡುವೆ ಸೀಸದ ಹಲಗೆ ಇಟ್ಟರೆ ಮೆತ್ತನೆಯ ಕಣಗಳು ಅಲ್ಲೇ ಸಾಯುತ್ತವೆ, ಗಟ್ಟಿ ಕಣಗಳು, ಆಗಿನ ಹೆಸರಿನಲ್ಲಿ ಮೆಸಾನುಗಳು, ದಾಟಿ ಬರುತ್ತವೆ. 1944ರ ಡಿಸೆಂಬರಿನಲ್ಲಿ ಈ ಟೆಲಿಸ್ಕೋಪನ್ನು ಅಮೆರಿಕದ ಸೇನಾ ವಿಮಾನದಲ್ಲಿಟ್ಟು 30,000 ಅಡಿವರೆಗೆ ಕೊಂಡೊಯ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಣಗಳು ಟೈಂಟೇಬಲ್ ಪ್ರಕಾರ ಬರುವುದಿಲ್ಲ. 100 ಎಣಿಸಿದರೆ ಅದರ ವರ್ಗಮೂಲ 10, ಅಂದ್ರೆ ಶೇಕಡ 10ರಷ್ಟು ಅನುಮಾನ. 10,000 ಎಣಿಸಿದರೆ ಅನುಮಾನ ಶೇಕಡ 1. ಹತ್ತುಪಟ್ಟು ನಿಖರತೆ ಬೇಕಾದರೆ ನೂರುಪಟ್ಟು ಹೊತ್ತು ಎಣಿಸಬೇಕು. ವಿಮಾನದಲ್ಲಿ ಅಷ್ಟು ಹೊತ್ತು ಯಾರು ಕೊಡ್ತಾರೆ? ಪೆಟ್ರೋಲ್ ಮುಗಿದರೆ ಎಣಿಕೆಯೂ ಮುಗಿಯಿತು. ಅಲ್ಲಿ ಅಳತೆಯ ತಪ್ಪನ್ನು ನಿರ್ಧರಿಸುವುದರಲ್ಲಿ ಟ್ಯಾಂಕಿಗೂ ಪಾಲುಂಟು. ನಮ್ಮ ಗಾಂಧಿನಗರದ ಯಾವ ಲ್ಯಾಬಿನಲ್ಲಾದರೂ ರಿಪೋರ್ಟ್ ಇಸಕೊಂಡರೆ ಅಂಕಿ ನೋಡ್ತೀವಿ, ಪಕ್ಕದ ನಾರ್ಮಲ್ ರೇಂಜ್ ನೋಡ್ತೀವಿ; ಆ ಅಂಕಿಯಲ್ಲೇ ಎಷ್ಟು ತಪ್ಪು ಇರಬಹುದು ಅಂತ ಕೇಳುವುದಿಲ್ಲ.

1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಶುರುವಾದದ್ದೂ ಬೆಂಗಳೂರಿನ ಆ ಘಟಕದಲ್ಲೇ. ವರ್ಷದ ಕೊನೆಗೆ ಅದು ಮುಂಬಯಿ ಸೇರಿತು. ಆಮೇಲಿನ ಅಣುಶಕ್ತಿ ಆಯೋಗ, 1956ರ ಆಗಸ್ಟ್ 4ರಂದು ಚಾಲೂ ಆದ ಅಪ್ಸರಾ ರಿಯಾಕ್ಟರ್, ಇವೆಲ್ಲ ಪಠ್ಯದಲ್ಲೇ ಇವೆ.

ಈಗ ಅತ್ತೆಯ ಮಾತು. ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ದೊರಾಬ್‌ಜಿಯೂ ಹೋದರು. ಅವರ ಟ್ರಸ್ಟು ಮುಂಬಯಿಯಲ್ಲಿ 1941ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆಯಿತು. 1962ರಲ್ಲಿ ಆ ಆಸ್ಪತ್ರೆಯ ಆಡಳಿತ ಭಾಭಾ ನಡೆಸುತ್ತಿದ್ದ ಅಣುಶಕ್ತಿ ಇಲಾಖೆಗೆ ಬಂತು. ಮರುವರ್ಷವೇ ಮುಂಬಯಿಯಲ್ಲಿ ವಿಕಿರಣ ವೈದ್ಯಕೀಯ ಕೇಂದ್ರ ಶುರುವಾಯಿತು. ಇಂಥ ಕಡೆ ನಡೆಯುವ ಪರೀಕ್ಷೆ ಒಂದನ್ನು ನೋಡಿ: ರೋಗಿಗೆ ಚೂರು ಅಯೋಡಿನ್-131 ಕುಡಿಸಿ, ಮರುದಿನ ಕತ್ತಿನ ಎದುರು ಕೌಂಟರ್ ಇಟ್ಟು ಥೈರಾಯ್ಡ್ ಎಷ್ಟು ಹೀರಿದೆ ಅಂತ ಎಣಿಸುತ್ತಾರೆ. ಅದೇ ವರ್ಗಮೂಲದ ಲೆಕ್ಕ. ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗುತ್ತದೆ, ರೋಗಿಗೆ ಹೆಚ್ಚು ಕೊಡುವಂತೆಯೂ ಇಲ್ಲ, ಗಂಟೆಗಟ್ಟಲೆ ಕೂರಿಸುವಂತೆಯೂ ಇಲ್ಲ. ಜೊತೆಗೆ ಆಕಾಶದಿಂದ ಬರುವ ಕಣಗಳೂ ಕೌಂಟರನ್ನು ಮಿಡಿಸುತ್ತಲೇ ಇರುತ್ತವೆ. ಬೆಂಗಳೂರಿನಲ್ಲಿ ಭಾಭಾ ಬೆನ್ನಟ್ಟಿದ ವಿಶ್ವಕಿರಣಗಳು ಇಲ್ಲಿ ಕಳೆದುಹಾಕಬೇಕಾದ ಗದ್ದಲ.

ಕೆಜಿಎಫ್‌ನಲ್ಲಿ ಇದು ಇನ್ನೊಂದು ತಿರುವು ಪಡೆಯಿತು. 1951ರ ಹೊತ್ತಿಗೆ ಭಾಭಾ ಮೈಸೂರು ಕಡೆಯ ಬಿ. ವಿ. ಶ್ರೀಕಂಠನ್ ಅವರನ್ನು ಆ ಚಿನ್ನದ ಗಣಿಗೆ ಕಳಿಸಿದ್ದರು, ಯಾವ ಆಳದಲ್ಲಿ ಎಷ್ಟು ಕಣ ಉಳಿಯುತ್ತವೆ ಅಂತ ಎಣಿಸಲು. (ನಮ್ಮ ಸಂಡೂರಿನ ಗಣಿಗಳು ಮೇಲಿಂದಲೇ ಅಗೆಯುವಂಥವು, ಅಲ್ಲಿ ಈ ಆಟ ನಡೆಯದು.) ತೀರ ಕೆಳಗೆ ಹೋದರೆ ಗದ್ದಲ ಹೆಚ್ಚುಕಡಿಮೆ ನಿಂತೇಹೋಗುತ್ತದೆ. 1965ರಲ್ಲಿ ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ಭಾಭಾ ಅವರ ಸಂಸ್ಥೆಯವರು ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತು ಹಿಡಿದರು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲೂ ಅದೇ ವರ್ಷ ಸಿಕ್ಕವು. ಜಗತ್ತಿನಲ್ಲಿ ಇವೇ ಮೊದಲು.

1966ರ ಜನವರಿ 24ರಂದು ಭಾಭಾ ವಿಯೆನ್ನಾದ ಸಭೆಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಮೋಂ ಬ್ಲಾಂ ಬೆಟ್ಟಕ್ಕೆ ಬಡಿಯಿತು. ಅದರಲ್ಲಿದ್ದ 117 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಭಾಭಾ ಅವರಿಗೆ 56 ವರ್ಷ. ಕೆಜಿಎಫ್ ತಳದಲ್ಲಿ ಎಣಿಕೆ 1992ರವರೆಗೂ ನಡೆಯಿತು.