ಕ್ರಿಕೆಟ್ ಕಲಿ ಪಾಲವಣಕರ ಬಾಳೂ

ಕರ್ನಾಟಕದ ಕ್ರಿಕೆಟ್ ಎಂದೊಡನೆ ಎಲ್ಲರ ನಾಲಗೆಯ ಮೇಲೂ ಪ್ರಸನ್ನ, ಚಂದ್ರಶೇಖರ, ವಿಶ್ವನಾಥರ ಹೆಸರುಗಳು ಬರುತ್ತವೆ. 1974ರಲ್ಲಿ ರಣಜಿ ಟ್ರೋಫಿ ಮೊದಲ ಬಾರಿಗೆ ಈ ರಾಜ್ಯಕ್ಕೆ ಬಂದದ್ದು ಇವರಂಥವರಿಂದ. ಆದರೆ ಇವರೆಲ್ಲ ಹುಟ್ಟುವುದಕ್ಕೂ ಬಹು ಮೊದಲು, ಭಾರತಕ್ಕೆ ಟೆಸ್ಟ್ ಪಂದ್ಯವಾಡುವ ಮಾನ್ಯತೆಯೇ ಇಲ್ಲದಿದ್ದ ಕಾಲದಲ್ಲಿ, ಇಂಗ್ಲೆಂಡಿನ ನೆಲದ ಮೇಲೆ ಒಂದೇ ಬೇಸಗೆಯಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಉರುಳಿಸಿದವರೊಬ್ಬರು ಧಾರವಾಡದಲ್ಲಿ ಜನ್ಮ ತಾಳಿದ್ದರೆಂಬ ಸಂಗತಿ ಹೆಚ್ಚು ಮಂದಿಗೆ ತಿಳಿದಿಲ್ಲ. ಅವರೇ ಪಾಲವಣಕರ ಬಾಳೂ.

ಕಳೆದ ಶತಮಾನಕ್ಕೂ ಹಿಂದಿನ ಶತಮಾನದ ಎಪ್ಪತ್ತರ ದಶಕದ ನಡುವಿನಲ್ಲಿ ಧಾರವಾಡದಲ್ಲಿ ಬಾಳೂ ಅವರ ಜನನವಾಯಿತು. ಧಾರವಾಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮನೆತನದ ಮೂಲ ಕೊಂಕಣದ ಪಾಲವಣಿ. ಕುಲನಾಮ ಬಂದದ್ದು ಆ ಊರಿನಿಂದಲೇ. ಹುಟ್ಟಿದ್ದು ಚರ್ಮಕಾರ ಸಮುದಾಯದಲ್ಲಿ. ತಂದೆ ಬ್ರಿಟಿಷ್ ಸೇನೆಯ ನೌಕರಿಯಲ್ಲಿದ್ದುದರಿಂದ ಕುಟುಂಬವು ಧಾರವಾಡವನ್ನು ಬಿಟ್ಟು ಪುಣೆಗೆ ಹೋಗಿ ನೆಲೆಸಿತು. ದಂಡಿನ ಊರೆಂದ ಮೇಲೆ ಬಿಳಿಯ ಸಿಪಾಯಿಗಳ ಕ್ರಿಕೆಟ್ಟು ಇದ್ದೇ ಇರುತ್ತಿತ್ತು. ಅವರು ಆಡಿ ಬಿಸಾಡಿದ ಬ್ಯಾಟು ಚೆಂಡುಗಳಿಂದಲೇ ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಕಿರಿಯರಾದ ಗಣಪತ ಮತ್ತು ವಿಠ್ಠಲರೂ ಮುಂದೆ ಹೆಸರಾಂತ ಆಟಗಾರರಾದರು. ಒಂದೇ ಮನೆಯಿಂದ ಉನ್ನತ ದರ್ಜೆಯ ನಾಲ್ವರು ಕ್ರೀಡಾಪಟುಗಳು ಬಂದ ಉದಾಹರಣೆ ಯಾವ ದೇಶದಲ್ಲಿಯೂ ವಿರಳ.

ಬಾಳೂ ಅವರು ಅಂಗಳವನ್ನು ಪ್ರವೇಶಿಸಿದ್ದು ಆಟಗಾರರಾಗಿ ಅಲ್ಲ, ಕೆಲಸದಾಳಾಗಿ. ಪುಣೆಯ ಪಾರ್ಸಿಗಳ ಕ್ರಿಕೆಟ್ ಸಂಘದಲ್ಲಿ ನೆಲ ಗುಡಿಸುವುದು, ಉರುಳುಗಲ್ಲು ಎಳೆಯುವುದು, ಬಿಡುವಿದ್ದಾಗ ಸದಸ್ಯರಿಗೆ ಚೆಂಡೆಸೆಯುವುದು ಅವರ ಕೆಲಸ. ತಿಂಗಳಿಗೆ ಮೂರು ರೂಪಾಯಿ ಸಂಬಳ. 1892ರ ಸುಮಾರಿಗೆ ಅವರು ಐರೋಪ್ಯರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ಸಂಬಳ ನಾಲ್ಕು ರೂಪಾಯಿ. ಬಲೆ ಕಟ್ಟುವುದು, ಪಿಚ್ಚನ್ನು ಹದಗೊಳಿಸುವುದು, ಗೆರೆ ಎಳೆಯುವುದು, ಆಮೇಲೆ ಸಾಹೇಬರಿಗೆ ಗಂಟೆಗಟ್ಟಲೆ ಬೌಲ್ ಮಾಡುವುದು. ಜೆ. ಜಿ. ಗ್ರೆಗ್ ಎಂಬ ಸೇನಾಧಿಕಾರಿ ಅಂದಿನ ಭಾರತದಲ್ಲಿದ್ದ ಇಂಗ್ಲಿಷ್ ಬ್ಯಾಟುಗಾರರಲ್ಲಿ ಅಗ್ರಗಣ್ಯ. ಆತ ಉಳಿದವರಿಗಿಂತ ಮೊದಲೇ ಬಂದು ಬಾಳೂ ಅವರ ಎಸೆತಕ್ಕೆ ಅಭ್ಯಾಸ ಮಾಡುತ್ತಿದ್ದನೆಂದೂ, ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂದೂ ಹೇಳುತ್ತಾರೆ. ಕಥೆಯಲ್ಲಿ ಉತ್ಪ್ರೇಕ್ಷೆ ಎಷ್ಟಾದರೂ ಇರಲಿ, ಆ ಸಾವಿರಾರು ಎಸೆತಗಳಿಂದ ಬಾಳೂ ಅವರ ಕೈ ಪಳಗಿತು. ಬೌಲ್ ಮಾಡಲು ಕರೆದವರು ಬ್ಯಾಟು ಹಿಡಿಯಲು ಮಾತ್ರ ಎಂದೂ ಕರೆಯಲಿಲ್ಲ. ಬ್ಯಾಟು ದೊರೆಗಳದು, ಬೆವರು ಆಳಿನದು ಎಂಬುದೇ ಆಗಿನ ರೂಢಿ.

ಬಾಳೂ ಅವರದು ಎಡಗೈಯ ನಿಧಾನಗತಿಯ ಬೌಲಿಂಗ್. ಚೆಂಡು ನೆಲ ಮುಟ್ಟಿದ ಮೇಲೆ ಇದ್ದಕ್ಕಿದ್ದಂತೆ ದಾರಿ ಬದಲಿಸುವ ಚೋದ್ಯವನ್ನು ಮಲ್ಪೆಯ ಕಡಲ ದಂಡೆಯಲ್ಲಿ, ನೀರಿಳಿದ ಗಟ್ಟಿ ಮರಳಿನ ಮೇಲೆ ಆಡುವ ಹುಡುಗರೂ ಬಲ್ಲರು. ಆದರೆ ಅದನ್ನು ತನ್ನ ಇಚ್ಛೆಗೆ ತಕ್ಕಂತೆ, ಬೇಕಾದ ಜಾಗದಲ್ಲಿ, ಬೇಕಾದಷ್ಟೇ ತಿರುಗಿಸುವುದು ಬೇರೆಯೇ ವಿದ್ಯೆ. ಬಾಳೂ ಅವರು ಚೆಂಡನ್ನು ಎರಡೂ ಕಡೆಗೆ ತಿರುಗಿಸಬಲ್ಲವರಾಗಿದ್ದರು. ಗಾಳಿಯಲ್ಲಿ ಅದರ ಎತ್ತರವನ್ನೂ ವೇಗವನ್ನೂ ಎಸೆತದಿಂದ ಎಸೆತಕ್ಕೆ ಬದಲಿಸುತ್ತಿದ್ದರು. ದಿನವಿಡೀ ಎಸೆದರೂ ಅವರ ಗುರಿ ಸಡಿಲಗೊಳ್ಳುತ್ತಿರಲಿಲ್ಲ.

ಇಂಥ ಬೌಲರು ಊರಿನಲ್ಲೇ ಇರುವಾಗ ಪುಣೆಯ ಹಿಂದೂ ತಂಡದವರು ಐರೋಪ್ಯರನ್ನು ಸೋಲಿಸಬೇಕೆಂದು ಬಯಸಿದರೆ ಮಾಡಬೇಕಾದುದೇನೆಂಬುದು ಸ್ಪಷ್ಟವಿತ್ತು. ಸ್ಪಷ್ಟವಿದ್ದರೂ ಸುಲಭವಿರಲಿಲ್ಲ. ಅಸ್ಪೃಶ್ಯನನ್ನು ತಂಡಕ್ಕೆ ಸೇರಿಸಬಹುದೇ ಎಂಬುದರ ಮೇಲೆ ಸದಸ್ಯರಲ್ಲಿ ಎರಡು ಪಂಗಡಗಳಾದವು. ಕೊನೆಗೆ ಗೆಲುವಿನ ಆಸೆ ಮಡಿಯ ಭಯವನ್ನು ಮೀರಿತು, ಆದರೆ ಅರ್ಧದಷ್ಟು ಮಾತ್ರ. ಅಂಗಳದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವೇಳೆಗೆ ಮಾತ್ರ ಉಳಿದವರು ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಕುಡಿದರೆ, ಬಾಳೂ ಅವರಿಗೆ ಹೊರಗಡೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಕೊಡಲಾಗುತ್ತಿತ್ತು. ಊಟವೂ ಬೇರೆ, ಪಂಕ್ತಿಯೂ ಬೇರೆ. ಕೈ ತೊಳೆಯಬೇಕಾದರೆ ಅವರದೇ ವರ್ಗದ ಕೆಲಸಗಾರನೊಬ್ಬ ದೂರದಿಂದ ನೀರು ತಂದು ಹೊಯ್ಯಬೇಕಿತ್ತು. ಕ್ರಿಕೆಟ್ ಚೆಂಡಿನ ಹೊರಹೊದಿಕೆ ಹಸುವಿನ ಚರ್ಮದ್ದೆಂಬುದನ್ನು ಆ ಮಡಿವಂತರಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. ಹರಳಯ್ಯನಂಥ ಶರಣನನ್ನು ಕಂಡ ನಾಡಿನಲ್ಲಿ ಹುಟ್ಟಿದವರಿಗೆ ಏಳು ಶತಮಾನಗಳ ಮೇಲೂ ಇಂಥ ಉಪಚಾರ ದೊರೆಯಿತು.

ಈ ತಂಡವು ಪುಣೆಯ ಐರೋಪ್ಯರನ್ನು ಸೋಲಿಸಿತು. ಸಾತಾರೆಗೆ ಹೋಗಿ ಅಲ್ಲಿನ ಬಿಳಿಯರನ್ನೂ ಸೋಲಿಸಿತು. ಗೆದ್ದು ಬಂದವರ ಸನ್ಮಾನ ಸಭೆಯಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಸುಧಾರಣೆಯ ಮಾತನ್ನು ಎತ್ತಿದರು. ಬಾಳೂ ಅವರೊಡನೆ ಆಡಬಹುದಾದರೆ ಅವರೊಡನೆ ಉಣ್ಣುವುದಕ್ಕೇನು ಅಡ್ಡಿ ಎಂಬುದು ಅವರ ಪ್ರಶ್ನೆಯ ತಿರುಳು. ಮುಂದೆ ಲೋಕಮಾನ್ಯ ತಿಲಕರೂ ಬಾಳೂ ಅವರನ್ನು ಬಹಿರಂಗವಾಗಿ ಹೊಗಳಿದರು. ಈ ಇಬ್ಬರು ನಾಯಕರೂ ಎಷ್ಟೋ ವಿಷಯಗಳಲ್ಲಿ ಎದುರುಬದುರಾಗಿದ್ದವರು.

ಪುಣೆಯಲ್ಲಿ ಪ್ಲೇಗು ಹರಡಿದ ವರ್ಷಗಳಲ್ಲಿ ಬಾಳೂ ಅವರು ಮುಂಬಯಿಗೆ ಹೋದರು. ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ನೌಕರಿ ದೊರೆಯಿತು. ಹಿಂದೂ ಜಿಮಖಾನಾದಲ್ಲಿ ಇಲ್ಲಿಯೂ ಕೆಲವು ಸದಸ್ಯರು ಆಕ್ಷೇಪಿಸಿದರು. ನಾಯಕನ ಒತ್ತಾಯದಿಂದ ಪ್ರವೇಶವಾಯಿತು. 1906ರಲ್ಲಿ ಹಿಂದೂಗಳಿಗೂ ಐರೋಪ್ಯರಿಗೂ ಮುಂಬಯಿಯಲ್ಲಿ ನಡೆದ ಪಂದ್ಯ ಭಾರತದ ಕ್ರೀಡಾ ಚರಿತ್ರೆಯಲ್ಲಿ ಸ್ಮರಣೀಯವಾದುದು. ಹಿಂದೂಗಳು 242 ಮತ್ತು 160 ಓಟಗಳನ್ನು ಗಳಿಸಿದರು. ಐರೋಪ್ಯರು 191 ಮತ್ತು 102ಕ್ಕೆ ಮುಗಿದರು. ಅಂತರ 109 ಓಟ. ಬಾಳೂ ಬೌಲ್ ಮಾಡಿದರು, ಶಿವರಾಮರೂ ತಂಡದಲ್ಲಿದ್ದರು. ಬಂಗಾಲದ ವಿಭಜನೆಯಾಗಿ ಕೆಲವೇ ತಿಂಗಳುಗಳಾಗಿದ್ದ, ಸ್ವದೇಶಿ ಚಳವಳಿಯ ಕಾವೇರಿದ್ದ ದಿನಗಳವು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿ ಎಷ್ಟು ದೂರ ಹಬ್ಬಿರಬಹುದೆಂಬುದನ್ನು ಊಹಿಸಬಹುದು. ಮುಂಬಯಿಯ ಸುಧಾರಕರ ಪತ್ರಿಕೆಯೊಂದು ಈ ಗೆಲುವಿಗಿಂತಲೂ ಪಾಲವಣಕರ ಸಹೋದರರಿಗೆ ತಂಡದಲ್ಲಿ ಸಿಕ್ಕ ಸ್ಥಾನವನ್ನೇ ದೊಡ್ಡದೆಂದು ಎಣಿಸಿತು. ಮುಂದಿನ ವರ್ಷ ಮತ್ತೆ ಹಿಂದೂಗಳೇ ಗೆದ್ದರು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರ ನಾಯಕತ್ವದಲ್ಲಿ ಅಖಿಲ ಭಾರತದ ತಂಡವೊಂದು ಇಂಗ್ಲೆಂಡಿಗೆ ಹೊರಟಿತು. ಹಿಂದೂ, ಮುಸ್ಲಿಮ್, ಪಾರ್ಸಿ ಆಟಗಾರರೆಲ್ಲ ಒಟ್ಟಿಗಿದ್ದ ತಂಡ. ಮಹಾರಾಜರಿಗೆ ಆಟಕ್ಕಿಂತ ಲಂಡನ್ನಿನ ಔತಣಗಳೇ ಮುಖ್ಯವಾದವು. ಕೆಲವೇ ಪಂದ್ಯಗಳ ನಂತರ ಅವರು ತಂಡವನ್ನು ಬಿಟ್ಟುಕೊಟ್ಟರು. ಆಡಿದ 23 ಪಂದ್ಯಗಳಲ್ಲಿ 15ನ್ನು ಸೋತು ತಂಡ ಬಸವಳಿಯಿತು. ಈ ಸೋಲುಗಳ ನಡುವೆ ಬಾಳೂ ಅವರೊಬ್ಬರೇ 114 ವಿಕೆಟ್ಟುಗಳನ್ನು ಪಡೆದರು. ಇದರಲ್ಲಿ 75 ಪ್ರಥಮ ದರ್ಜೆಯ 14 ಪಂದ್ಯಗಳ ಅವಧಿಯವು. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ವಿರುದ್ಧ ಒಂದೇ ಸರದಿಯಲ್ಲಿ 103 ಓಟಗಳಿಗೆ ಎಂಟು ವಿಕೆಟ್. ಲೀಸ್ಟರ್‌ಶೈರಿನ ವಿರುದ್ಧ ಪಂದ್ಯದಲ್ಲಿ ಹನ್ನೊಂದು. ಆ ಪಂದ್ಯವನ್ನು ಭಾರತ ಗೆದ್ದಿತು. ಸಾಮರ್‌ಸೆಟ್ಟಿನ ವಿರುದ್ಧ ಗೆಲುವು ತಂದವರಲ್ಲಿ ತಮ್ಮ ಶಿವರಾಮರು ಪ್ರಮುಖರು. ಬಾಳೂ ಅವರಿಗೆ ಆಗ ವಯಸ್ಸು ಮೂವತ್ತೈದರ ಆಸುಪಾಸು, ಭುಜದಲ್ಲಿ ನೋವು ಬೇರೆ. ಹತ್ತು ವರ್ಷ ಮೊದಲೇ ಅವರನ್ನು ಅಲ್ಲಿಗೆ ಕರೆದೊಯ್ಯುವವರಿದ್ದರೆ ಲೆಕ್ಕ ಇನ್ನೆಷ್ಟಾಗುತ್ತಿತ್ತೋ!

ಅವರು ಹಿಂದಿರುಗಿದಾಗ ಮುಂಬಯಿಯ ದಲಿತ ಸಮುದಾಯದವರು ಸಭೆ ಸೇರಿಸಿ ಮಾನಪತ್ರವನ್ನು ಅರ್ಪಿಸಿದರು. ಆ ಮಾನಪತ್ರವನ್ನು ಸಿದ್ಧಪಡಿಸಿದವರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ಯುವಕ ಭೀಮರಾವ್ ಅಂಬೇಡ್ಕರರೆಂದು ಚರಿತ್ರಕಾರರು ಬರೆಯುತ್ತಾರೆ. ತಮ್ಮವರಲ್ಲೊಬ್ಬನು ತನ್ನ ಕೈಯ ಬಲದಿಂದಲೇ ಲೋಕಮಾನ್ಯತೆಗೆ ಏರಬಹುದೆಂಬುದಕ್ಕೆ ಆ ಕಾಲದಲ್ಲಿ ಬಾಳೂ ಅವರಿಗಿಂತ ದೊಡ್ಡ ನಿದರ್ಶನವಿರಲಿಲ್ಲ.

ಆದರೆ ನಾಯಕತ್ವವೊಂದು ಉಳಿದೇ ಇತ್ತು. ಹಿಂದೂ ತಂಡದಲ್ಲಿ ಅವರೇ ಹಿರಿಯರು, ಅವರೇ ಸಮರ್ಥರು. 1910ರ ನಂತರ ಅವರನ್ನೇ ನಾಯಕನನ್ನಾಗಿ ಮಾಡಬೇಕೆಂಬ ಮಾತು ಮತ್ತೆ ಮತ್ತೆ ಏಳುತ್ತಿತ್ತು. ಆಯ್ಕೆಗಾರರು ಮತ್ತೆ ಮತ್ತೆ ಅದನ್ನು ಬದಿಗೊತ್ತುತ್ತಿದ್ದರು. ಕರಾವಳಿಯವರಿಗೆ ಪರಿಚಿತವಾದ ಕುಲನಾಮದ ಎಂ. ಡಿ. ಪೈ ಅವರು 1913ರಲ್ಲಿ ನಾಯಕರಾದಾಗ, ಈ ಗೌರವ ಸಲ್ಲಬೇಕಾದುದು ಬಾಳೂ ಅವರಿಗೆಂದು ತಾವೇ ಸಭೆಯಲ್ಲಿ ಸಾರಿದರು. ಪೈಯವರ ಈ ನಡತೆ ಶ್ಲಾಘ್ಯವಾದುದು. ಆದರೂ ಸ್ಥಾನ ಬದಲಾಗಲಿಲ್ಲ.

ಇಂಥ ಭೇದ ಈ ದೇಶಕ್ಕೆ ಮಾತ್ರ ಸೀಮಿತವೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿಯೂ ಹಣ ಪಡೆದು ಆಡುವವರು ಒಂದು ಬಾಗಿಲಿನಿಂದ, ಹವ್ಯಾಸಿ ಮಹನೀಯರು ಇನ್ನೊಂದು ಬಾಗಿಲಿನಿಂದ ಅಂಗಳಕ್ಕಿಳಿಯುತ್ತಿದ್ದರು. ಆ ದೇಶದ ಕ್ರಿಕೆಟ್ ತಂಡಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ವೃತ್ತಿಪರ ಆಟಗಾರನೊಬ್ಬ ನಾಯಕನಾದದ್ದು 1952ರಲ್ಲಿ, ಲೆನ್ ಹಟನ್ನನ ಕಾಲಕ್ಕೆ. ಬಾಳೂ ಅವರ ಸಮಕಾಲೀನನಾದ ಫುಟ್‌ಬಾಲ್ ವೀರ ಸ್ಟೀವ್ ಬ್ಲೂಮರ್ ಕಮ್ಮಾರನ ಮಗ. ಎರಕದ ಕಾರ್ಖಾನೆಯಲ್ಲಿ ದುಡಿದು, ಇಂಗ್ಲೆಂಡಿನ ಪರವಾಗಿ 23 ಪಂದ್ಯಗಳಲ್ಲಿ 28 ಗೋಲುಗಳನ್ನು ಹೊಡೆದವನು. ಅವನೂ ಕೂಲಿಯವನೇ. ಆದರೆ ಅವನು ಮುಟ್ಟಿದ ಬಟ್ಟಲನ್ನು ಯಾರೂ ಒಡೆದು ಹಾಕುತ್ತಿರಲಿಲ್ಲ.

1920ರ ಡಿಸೆಂಬರಿನಲ್ಲಿ ವಿಷಯ ಸಿಡಿಯಿತು. ಚತುಷ್ಕೋನ ಪಂದ್ಯಾವಳಿಗೆ ಮುನ್ನ ಪೈಯವರು ಅಸ್ವಸ್ಥರಾದರು. ನಾಯಕತ್ವವು ಈಗಲಾದರೂ ಪಾಲವಣಕರ ಮನೆಗೆ ಬರಬೇಕಿತ್ತು. ಆಯ್ಕೆಗಾರರು ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟು, ಪುಣೆಯ ಡಿ. ಬಿ. ದೇವಧರರನ್ನು ನಾಯಕರೆಂದು ಹೆಸರಿಸಿದರು. ಆಗ ಶಿವರಾಮ ಮತ್ತು ವಿಠ್ಠಲರು ತಂಡದಿಂದ ಹೊರಬಂದು, ಅಣ್ಣನ ಹಿರಿತನವನ್ನೂ ಯೋಗ್ಯತೆಯನ್ನೂ ಕಡೆಗಣಿಸಿದುದಕ್ಕೆ ಜಾತಿಯೇ ಕಾರಣವೆಂದು ಪತ್ರಿಕೆಯ ಮೂಲಕ ಸಾರಿದರು. ತಾಳ್ಮೆಯಿಂದ ಇಷ್ಟು ಕಾಲ ಮೌನವಾಗಿದ್ದ ಮನೆತನ ಇದು ಎಂಬುದನ್ನು ನೆನೆದರೆ ಆ ಹೇಳಿಕೆಯ ತೂಕ ತಿಳಿಯುತ್ತದೆ. ಅದೇ ತಿಂಗಳು ನಾಗಪುರದ ಕಾಂಗ್ರೆಸ್ ಅಧಿವೇಶನವು ಅಸ್ಪೃಶ್ಯತೆಯನ್ನು ತೊಡೆಯಬೇಕೆಂದು ಕರೆಕೊಟ್ಟಿತು. ಸಾರ್ವಜನಿಕರ ಒಲವು ಸಹೋದರರ ಕಡೆಗೆ ತಿರುಗಿತು. ಅಂತಿಮ ಪಂದ್ಯಕ್ಕೆ ಪೈಯವರು ಚೇತರಿಸಿಕೊಂಡು ನಾಯಕರಾಗಿ ಬಂದರು. ಬಾಳೂ ಅವರನ್ನು ಉಪನಾಯಕರನ್ನಾಗಿ ಮಾಡಲಾಯಿತು. ಪಂದ್ಯದ ನಡುವೆ ಪೈಯವರು ಅಂಗಳವನ್ನು ಬಿಟ್ಟು ಹೋದಾಗ ಸ್ವಲ್ಪ ಹೊತ್ತು ತಂಡವನ್ನು ನಡೆಸಿದವರು ಬಾಳೂ. ಅವರ ಪಾಲಿಗೆ ಬಂದ ನಾಯಕತ್ವ ಅಷ್ಟೇ. 1923ರಲ್ಲಿ ತಮ್ಮ ವಿಠ್ಠಲರು ಪೂರ್ಣಾಧಿಕಾರದ ನಾಯಕರಾದರು, ಹಿಂದೂಗಳು ಐರೋಪ್ಯರನ್ನು ಸೋಲಿಸಿದರು, ಜನ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣನ ಆಟದ ದಿನಗಳು ಆ ವೇಳೆಗೆ ಮುಗಿದಿದ್ದವು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ಟುಗಳು, ಸರಾಸರಿ 15.21: ಇದು ಅವರು ಬಿಟ್ಟುಹೋದ ಲೆಕ್ಕ.

ಆಮೇಲೆ ಬಾಳೂ ಅವರು ಸಾರ್ವಜನಿಕ ಜೀವನಕ್ಕಿಳಿದರು. 1932ರ ಜೂನಿನಲ್ಲಿ ಭಾರತವು ಲಾರ್ಡ್ಸ್ ಅಂಗಳದಲ್ಲಿ ತನ್ನ ಮೊದಲ ಟೆಸ್ಟ್ ಆಡಿದಾಗ ಅವರು ಐವತ್ತೈದು ದಾಟಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗಾಂಧೀಜಿ ಯರವಡಾ ಸೆರೆಮನೆಯಲ್ಲಿ ಉಪವಾಸ ಹೂಡಿದಾಗ ಅವರ ಹೆಸರು ದೇಶದ ಮುಂದೆ ಮತ್ತೆ ಬಂದಿತು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂಬುದು ಅಂಬೇಡ್ಕರರ ನಿಲುವು, ಮದರಾಸಿನ ಎಂ. ಸಿ. ರಾಜಾ ಅವರಂತೆ ಬಾಳೂ ಅವರೂ ಜಂಟಿ ಮತಕ್ಷೇತ್ರದ ಪಕ್ಷದಲ್ಲಿದ್ದರು. ಸೆಪ್ಟೆಂಬರ್ 24ರ ಪೂನಾ ಒಪ್ಪಂದಕ್ಕೆ ಅಂಬೇಡ್ಕರರ ಸಹಿಯೂ ಬಿದ್ದಿತು, ಬಾಳೂ ಅವರ ಸಹಿಯೂ ಬಿದ್ದಿತು. 1937ರ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅಂಬೇಡ್ಕರರಿಗೆ ಎದುರಾಗಿ ನಿಲ್ಲಿಸಿದ್ದು ಇವರನ್ನೇ. ಅಂಬೇಡ್ಕರರಿಗೆ 13,245 ಮತಗಳು, ಬಾಳೂ ಅವರಿಗೆ 11,225. ಒಮ್ಮೆ ಮಾನಪತ್ರವನ್ನು ಅರ್ಪಿಸಿದವನೂ ಅದನ್ನು ಸ್ವೀಕರಿಸಿದವನೂ ಹೀಗೆ ಎದುರಾಳಿಗಳಾದುದು ಖೇದಕರವೆನಿಸಬಹುದು. ಆದರೆ ಇಬ್ಬರೂ ಅರಸುತ್ತಿದ್ದುದು ಒಂದೇ ಕಟ್ಟಿನಿಂದ ಬಿಡುಗಡೆಯನ್ನು. ಮಾರ್ಗದಲ್ಲಿ ಮಾತ್ರ ಭೇದ. ಗೆದ್ದವರ ದೂರದೃಷ್ಟಿ ದೊಡ್ಡದೆಂದು ಕಾಲವೇ ತೋರಿಸಿದೆ. ಸೋತವರ ಸಂಕಟವೂ ಸಣ್ಣದಲ್ಲ. ಜೀವಮಾನವೆಲ್ಲ ಒಂದೇ ಪಂಕ್ತಿಯಲ್ಲಿ ಜಾಗ ಕೇಳಿದವರಿಗೆ ಬೇರೆ ಪಂಕ್ತಿಯ ಮಾತು ರುಚಿಸದಿದ್ದುದು ಸಹಜ.

ಬಾಳೂ ಅವರು 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನ ಹೊಂದಿದರು. ಅದಕ್ಕೆ ಒಂದು ತಿಂಗಳ ಹಿಂದೆ, ಜೂನ್ 1ರಿಂದ, ಅಸ್ಪೃಶ್ಯತಾ ಅಪರಾಧಗಳ ಕಾನೂನು ಜಾರಿಗೆ ಬಂದಿತ್ತು. ಸಾರ್ವಜನಿಕ ಉಪಾಹಾರಗೃಹದಲ್ಲಿ ಎಲ್ಲರ ಬಳಕೆಗೆಂದು ಇಟ್ಟ ಪಾತ್ರೆಯನ್ನು ಜಾತಿಯ ಕಾರಣದಿಂದ ಒಬ್ಬನಿಗೆ ನಿರಾಕರಿಸುವುದು ಆ ಕಾನೂನಿನಂತೆ ದಂಡನೆಗೆ ಅರ್ಹವಾದ ಅಪರಾಧವಾಗಿತ್ತು.