ಸರ್ ಗಿಲ್ಬರ್ಟ್ ವಾಕರ್ (1868–1958): ಮುಂಗಾರು ಮುನ್ಸೂಚನೆಗೆ ಗಣಿತದ ಅಡಿಪಾಯ ಹಾಕಿದ ವಿಜ್ಞಾನಿ

ಪೀಠಿಕೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿಲಿಮೀಟರ್ ಮಳೆ ದಾಖಲಾಗಿರುತ್ತದೆ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನದಿಂದ ಹಿಡಿದು ಲಿಂಗನಮಕ್ಕಿ ಜಲಾಶಯದ ನೀರಿನ ಮಟ್ಟದವರೆಗೆ ಈ ಭಾಗದ ಜನಜೀವನವು ಮುಂಗಾರನ್ನೇ ಅವಲಂಬಿಸಿದೆ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರಗಳ ಹೆಸರಿನಲ್ಲಿ ಮಳೆಯನ್ನು ಎಣಿಸುತ್ತ ಬಂದ ರೈತರು ಇಂದು ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಗಮನಿಸುತ್ತಾರೆ. ಈ ಮುನ್ಸೂಚನೆಗೆ ಗಣಿತದ ನೆಲೆಯನ್ನು ಒದಗಿಸಿ, ಅದರ ಮಿತಿಯನ್ನೂ ತೋರಿಸಿಕೊಟ್ಟವರಲ್ಲಿ ಸರ್ ಗಿಲ್ಬರ್ಟ್ ಥಾಮಸ್ ವಾಕರ್ ಅಗ್ರಗಣ್ಯರು. ಅವರ ಜೀವನ ಮತ್ತು ಸಾಧನೆಯ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ವಾಕರ್ ಅವರು 1868ರ ಜೂನ್ 14ರಂದು ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ್ಯದ ರಾಚ್‌ಡೇಲ್ ಪಟ್ಟಣದಲ್ಲಿ ಜನಿಸಿದರು. ತಂದೆ ವೃತ್ತಿಯಿಂದ ಇಂಜಿನಿಯರ್. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದ ನಂತರ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜನ್ನು ಸೇರಿ, 1889ರ ಗಣಿತ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದು ಸೀನಿಯರ್ ರ‍್ಯಾಂಗ್ಲರ್ ಎನಿಸಿಕೊಂಡರು. ಅತಿಯಾದ ಪರಿಶ್ರಮದಿಂದ ಆರೋಗ್ಯ ಕೆಟ್ಟುದರಿಂದ ಕೆಲವು ಚಳಿಗಾಲಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಳೆಯಬೇಕಾಯಿತು. ಅಲ್ಲಿ ಅವರಿಗೆ ಹಿಮದ ಮೇಲೆ ಜಾರುವ ಸ್ಕೇಟಿಂಗ್ ಕ್ರೀಡೆಯಲ್ಲಿ ಆಸಕ್ತಿ ಬೆಳೆಯಿತು. ಎಸೆದವರ ಬಳಿಗೇ ಮರಳಿ ಬರುವ ಬೂಮರಾಂಗ್ ಎಂಬ ಆಯುಧದ ಚಲನೆಯನ್ನೂ ಗಣಿತದ ಮೂಲಕ ವಿವರಿಸಿ ಹೆಸರಾದರು. ಕೊಳಲು ವಾದನದಲ್ಲಿಯೂ ಅವರಿಗೆ ಪರಿಶ್ರಮವಿತ್ತು.

ಭಾರತದಲ್ಲಿ ಅಂದಿನ ಪರಿಸ್ಥಿತಿ

1876–78ರ ಬರಗಾಲದ ನಂತರ ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರಲ್ಲಿದ್ದ ಸುಮಾರು 50 ಲಕ್ಷದಿಂದ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಮಳೆ ಕೈಕೊಡುವುದನ್ನು ಮೊದಲೇ ತಿಳಿಯಲು ಸಾಧ್ಯವಾದರೆ ಧಾನ್ಯ ಸಾಗಣೆ ಮತ್ತು ಪರಿಹಾರ ಕಾರ್ಯಗಳನ್ನು ಮುಂಚಿತವಾಗಿ ಕೈಗೊಳ್ಳಬಹುದೆಂಬ ಆಶಯ ಆಗ ಬಲವಾಯಿತು. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾದ ಹೆನ್ರಿ ಬ್ಲ್ಯಾನ್‌ಫರ್ಡ್ ಅವರು ಹಿಮಾಲಯದಲ್ಲಿ ಬೀಳುವ ಹಿಮದ ವರದಿಗಳನ್ನು ಸಂಗ್ರಹಿಸಿದರು. ಚಳಿಗಾಲ ಮತ್ತು ವಸಂತದಲ್ಲಿ ಹಿಮ ಹೆಚ್ಚಾದ ವರ್ಷ ಮುಂಗಾರು ದುರ್ಬಲಗೊಳ್ಳುವ ಸಂಭವವಿದೆ ಎಂದು 1884ರಲ್ಲಿ ಪ್ರತಿಪಾದಿಸಿದರು. ಹಿಮವು ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸುವುದರಿಂದಲೂ, ಅದು ಕರಗಲು ಶಾಖ ವ್ಯಯವಾಗುವುದರಿಂದಲೂ ಭೂಮಿ ಬೇಗ ಕಾಯುವುದಿಲ್ಲ. ಕಾಯದ ನೆಲ ಕಡಲಿನ ಗಾಳಿಯನ್ನು ಬಲವಾಗಿ ಸೆಳೆಯಲಾರದು ಎಂಬುದು ಇದರ ಹಿಂದಿನ ತರ್ಕ. ಈ ಆಧಾರದ ಮೇಲೆ 1886ರ ಜೂನ್ 4ರಂದು ದೇಶದ ಮೊದಲ ದೀರ್ಘಾವಧಿ ಮುಂಗಾರು ಮುನ್ಸೂಚನೆ ಪ್ರಕಟವಾಯಿತು.

ಬ್ಲ್ಯಾನ್‌ಫರ್ಡ್ ಅವರ ನಂತರ ಅಧಿಕಾರ ವಹಿಸಿಕೊಂಡ ಜಾನ್ ಎಲಿಯಟ್ ಅವರು ಹಿಮದ ಜೊತೆಗೆ ಬೇರೆ ಅಂಶಗಳನ್ನೂ ಸೇರಿಸಿ ವಿಸ್ತಾರವಾದ ಮುನ್ಸೂಚನೆಗಳನ್ನು ನೀಡಿದರು. ಆದರೆ 1899ರಲ್ಲಿ ಮುಂಗಾರು ತೀವ್ರವಾಗಿ ವಿಫಲವಾದಾಗ ಅದನ್ನು ಮೊದಲೇ ಕಾಣಲು ಈ ಕ್ರಮಕ್ಕೆ ಸಾಧ್ಯವಾಗಲಿಲ್ಲ. ಆ ಬರಗಾಲದಲ್ಲಿ ಅಪಾರ ಪ್ರಾಣಹಾನಿ ಸಂಭವಿಸಿತು.

ಇಲಾಖೆಯಲ್ಲಿ ಸೇವೆ

ಇಂತಹ ಸನ್ನಿವೇಶದಲ್ಲಿ, ಹವಾಮಾನ ಶಾಸ್ತ್ರದಲ್ಲಿ ಯಾವ ತರಬೇತಿಯನ್ನೂ ಪಡೆಯದಿದ್ದ ಗಣಿತಜ್ಞ ವಾಕರ್ ಅವರನ್ನು ಎಲಿಯಟ್ ಅವರ ಸ್ಥಾನಕ್ಕೆ ಆಯ್ಕೆ ಮಾಡಲಾಯಿತು. 1904ರಿಂದ 1924ರವರೆಗೆ ಅವರು ಭಾರತದ ವೀಕ್ಷಣಾಲಯಗಳ ಮಹಾನಿರ್ದೇಶಕರಾಗಿ ಸೇವೆ ಸಲ್ಲಿಸಿದರು. ಇಲಾಖೆಯ ಕೇಂದ್ರ ಕಚೇರಿ ಆಗ ಶಿಮ್ಲಾದಲ್ಲಿತ್ತು.

ಗಾಳಿಯ ಚಲನೆಯನ್ನು ಸಮೀಕರಣಗಳಿಂದ ನೇರವಾಗಿ ಬಿಡಿಸುವುದು ಅಂದಿನ ತಿಳಿವಳಿಕೆಗೆ ಮೀರಿದ್ದೆಂದು ಮನಗಂಡ ಅವರು ಅಂಕಿ ಅಂಶಗಳ ಮಾರ್ಗವನ್ನು ಹಿಡಿದರು. ಹಿಮಾಲಯದ ಹಿಮ, ಮಾರಿಷಸ್ ಹಾಗೂ ದಕ್ಷಿಣ ಅಮೆರಿಕದ ವಾಯುಭಾರ, ಜಂಜಿಬಾರಿನ ಮಳೆ, ನೈಲ್ ನದಿಯ ಪ್ರವಾಹ ಮುಂತಾದ ದೂರದೂರದ ದಾಖಲೆಗಳನ್ನು ತರಿಸಿ, ಪ್ರತಿಯೊಂದಕ್ಕೂ ಭಾರತದ ಮಳೆಗೂ ಇರುವ ಸಂಬಂಧವನ್ನು ಲೆಕ್ಕ ಹಾಕಿಸಿದರು. ಗಣಕಯಂತ್ರಗಳಿಲ್ಲದ ಆ ಕಾಲದಲ್ಲಿ ಈ ಬೃಹತ್ ಗಣನೆಯನ್ನು ಕೈಯಿಂದಲೇ ಮಾಡಿದವರು ಇಲಾಖೆಯ ಭಾರತೀಯ ಸಿಬ್ಬಂದಿ ಎಂಬುದು ಸ್ಮರಣೀಯ.

ನೂರಾರು ಸಂಬಂಧಗಳನ್ನು ಪರಿಶೀಲಿಸಿದಾಗ ಕೆಲವು ಕೇವಲ ಆಕಸ್ಮಿಕವಾಗಿ ಹೊಂದಿಕೆಯಾಗುವುದು ಸಹಜ. ಅವುಗಳನ್ನು ನಿಜವೆಂದು ಭಾವಿಸುವ ಅಪಾಯವನ್ನು ವಾಕರ್ ಗುರುತಿಸಿ, ಅದನ್ನು ಪರೀಕ್ಷಿಸುವ ಮಾನದಂಡವನ್ನು 1914ರಲ್ಲಿ ಮಂಡಿಸಿದರು. ಸೂಚನೆಗಳು ಸ್ಪಷ್ಟವಾಗಿಲ್ಲದ ವರ್ಷಗಳಲ್ಲಿ ಖಚಿತವಾಗಿ ಮಾತನಾಡಬಾರದೆಂಬುದು ಅವರ ನಿಲುವಾಗಿತ್ತು. ಬರಗಾಲಕ್ಕೆ ಹೆದರಿದ್ದ ಆಡಳಿತವು ಖಚಿತ ಉತ್ತರವನ್ನು ಬಯಸುತ್ತಿದ್ದಾಗ ಇಂತಹ ನಿಲುವನ್ನು ತಾಳುವುದು ಸುಲಭವಾಗಿರಲಿಲ್ಲ. ಇಡೀ ದೇಶಕ್ಕೆ ಒಂದೇ ಮುನ್ಸೂಚನೆ ಸಾಲದೆಂದು ಅರಿತು, ಪರ್ಯಾಯ ದ್ವೀಪ, ವಾಯವ್ಯ ಮತ್ತು ಈಶಾನ್ಯ ಭಾಗಗಳನ್ನು ಅವರು ಪ್ರತ್ಯೇಕವಾಗಿ ಪರಿಗಣಿಸಿದರು.

1913ರಲ್ಲಿ ಮದರಾಸಿಗೆ ಭೇಟಿ ನೀಡಿದಾಗ, ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್ ಅವರ ಗಣಿತ ಬರಹಗಳನ್ನು ವಾಕರ್ ನೋಡಿದರು. ಅವರಿಗೆ ನೆರವು ನೀಡುವಂತೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ಪತ್ರ ಬರೆದರು. ಅದೇ ವರ್ಷ ರಾಮಾನುಜನ್ ಅವರಿಗೆ ಮಾಸಿಕ 75 ರೂಪಾಯಿಗಳ ವಿದ್ಯಾರ್ಥಿವೇತನ ಮಂಜೂರಾಯಿತು.

ಪ್ರಮುಖ ಕೊಡುಗೆ

ಹಿಂದೂ ಮಹಾಸಾಗರದ ಮೇಲೆ ವಾಯುಭಾರ ಏರಿದಾಗ ಶಾಂತ ಸಾಗರದ ಮೇಲೆ ಇಳಿಯುವುದು, ಇಲ್ಲಿ ಇಳಿದಾಗ ಅಲ್ಲಿ ಏರುವುದು ಎಂಬ ಸಂಗತಿಯನ್ನು ವಾಕರ್ ಸ್ಪಷ್ಟಪಡಿಸಿದರು. ಬಾವಿಯ ಏತದ ಮರದಂತೆ ಏರಿಳಿಯುವ ಈ ವಿದ್ಯಮಾನಕ್ಕೆ ಅವರು 1924ರಲ್ಲಿ ದಕ್ಷಿಣದ ಆಂದೋಲನ ಎಂಬ ಅರ್ಥದ ಹೆಸರನ್ನಿಟ್ಟರು. ಅದೇ ವರ್ಷ ಅವರಿಗೆ ಸರ್ ಪದವಿ ಲಭಿಸಿತು.

ನಿವೃತ್ತಿಯ ನಂತರ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1934ರವರೆಗೆ ಹವಾಮಾನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕಾರಣ ವಿವರಿಸದೆ ಕೇವಲ ಸಂಬಂಧಗಳನ್ನು ತೋರಿಸುತ್ತಾರೆಂಬ ಆಕ್ಷೇಪಣೆಯನ್ನು ಅವರು ಎದುರಿಸಬೇಕಾಯಿತು. ಮೊದಲು ನಂಬಲರ್ಹವಾಗಿದ್ದ ಕೆಲವು ಸಂಬಂಧಗಳು ಮುಂದಿನ ದಶಕಗಳಲ್ಲಿ ದುರ್ಬಲಗೊಂಡವು. 1958ರ ನವೆಂಬರ್ 4ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಅವರು ನಿಧನ ಹೊಂದಿದರು.

ಅವರು ಕಂಡ ಆಂದೋಲನದ ಕಾರಣ ತಿಳಿದುದು ಅವರ ಮರಣಾನಂತರ. 1960ರ ದಶಕದಲ್ಲಿ ಜೇಕಬ್ ಬಿಯರ್ಕ್‌ನೆಸ್ ಎಂಬ ವಿಜ್ಞಾನಿ ಅದನ್ನು ಶಾಂತ ಸಾಗರದ ನೀರು ಬಿಸಿಯಾಗುವ ಎಲ್ ನಿನೋ ವಿದ್ಯಮಾನದೊಂದಿಗೆ ಜೋಡಿಸಿ, ಅಲ್ಲಿನ ಗಾಳಿಯ ಪರಿಚಲನೆಗೆ ವಾಕರ್ ಅವರ ಹೆಸರನ್ನೇ ಇಟ್ಟರು.

ಇಂದಿನ ಮಹತ್ವ

ಎಲ್ ನಿನೋ ಇದ್ದ 2023ರಲ್ಲಿ ಮಳೆ ಕೊರತೆಯಿಂದ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಆದರೆ ಪ್ರಬಲ ಎಲ್ ನಿನೋ ಇದ್ದ 1997ರಲ್ಲಿ ದೇಶದ ಮುಂಗಾರು ವಾಡಿಕೆಯಂತೆಯೇ ಇತ್ತು. ಮುನ್ಸೂಚನೆ ಎಂಬುದು ಸಂಭವವನ್ನು ತಿಳಿಸುತ್ತದೆಯೇ ಹೊರತು ಭರವಸೆಯನ್ನಲ್ಲ ಎಂಬುದಕ್ಕೆ ಇದೇ ನಿದರ್ಶನ. ದೇಶದ ಒಟ್ಟು ಮಳೆ ಕುರಿತ ಮುನ್ಸೂಚನೆಯು ಒಂದು ತಾಲ್ಲೂಕಿಗೆ ಅಥವಾ ಒಂದು ಗ್ರಾಮಕ್ಕೆ ಅನ್ವಯಿಸಲೇಬೇಕೆಂದಿಲ್ಲ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಹೋದಂತೆ ಮಳೆ ಶೀಘ್ರವಾಗಿ ಕಡಿಮೆಯಾಗುವುದು ಈ ಭಾಗದ ಜನರಿಗೆ ತಿಳಿದೇ ಇದೆ.

ಸಾರ್ವಜನಿಕರ ಗಮನಕ್ಕೆ

ಅಡಿಕೆ ಮತ್ತು ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಗಾಗಿ ಅರ್ಜಿ ಸಲ್ಲಿಸುವ ರೈತರು, ಪರಿಹಾರವು ಮುನ್ಸೂಚನೆಯ ಮೇಲೆ ನಿರ್ಧಾರವಾಗದೆ, ಮಾಪನ ಕೇಂದ್ರದಲ್ಲಿ ವಾಸ್ತವವಾಗಿ ದಾಖಲಾದ ಹವಾಮಾನದ ಅಂಕಿ ಅಂಶಗಳ ಮೇಲೆ ನಿರ್ಧಾರವಾಗುತ್ತದೆ ಎಂಬುದನ್ನು ಗಮನಿಸುವುದು. ಆದುದರಿಂದ ಗ್ರಾಮಗಳಲ್ಲಿ ಅಳವಡಿಸಿರುವ ಮಳೆಮಾಪನಗಳಿಗೆ ಹಾನಿಯಾಗದಂತೆ, ಅವುಗಳ ಮೇಲೆ ಮರದ ಕೊಂಬೆಗಳು ಚಾಚದಂತೆ ನೋಡಿಕೊಳ್ಳುವುದು ಎಲ್ಲರ ಹಿತದೃಷ್ಟಿಯಿಂದ ಅಗತ್ಯ. ವಾಕರ್ ಅವರ ಇಪ್ಪತ್ತು ವರ್ಷಗಳ ಕಾರ್ಯವೂ ಇಂತಹ ಸಾವಿರಾರು ದಿನನಿತ್ಯದ ಅಳತೆಗಳನ್ನೇ ಆಧರಿಸಿತ್ತು.